ಕುದುರೆಯ ಮುಂಗಾಲಿನ ನರಗಳು: ಮಂಡಿಯಿಂದ ಕೆಳಗೆ ಯಾವ ನರದ ಪಾಲು ಎಲ್ಲಿಯವರೆಗೆ?

ಪ್ರಶ್ನೆ: ಅಂತಿಮವರ್ಷ_ಬಿವಿಎಸ್ಸಿ

ಎಲ್ಲರಿಗೂ ನಮಸ್ಕಾರ. ಹಸು ಎಮ್ಮೆಗಳ ಮುಂಗಾಲಿನ ನರಗಳು ಚೆನ್ನಾಗಿ ಗೊತ್ತು. ಕುದುರೆಗೂ ಹೆಸರುಗಳು ಅವೇ, ಆದರೆ ಮಂಡಿಯಿಂದ ಕೆಳಗೆ ಇಳಿದರೆ ಲೆಕ್ಕ ತಾಳೆ ಬೀಳುತ್ತಿಲ್ಲ. ಬೆಂಗಳೂರು, ಮೈಸೂರಿನ ರೇಸ್ ಕುದುರೆಗಳು, ಕುಣಿಗಲ್ ಸ್ಟಡ್ ಫಾರ್ಮ್, ಅಲ್ಲೊಂದು ಇಲ್ಲೊಂದು ರೈಡಿಂಗ್ ಶಾಲೆ ಬಿಟ್ಟರೆ ನಮಗೆ ಕುದುರೆಯ ಕಾಲು ಕೈಗೆ ಸಿಗುವುದೇ ಅಪರೂಪ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಒಂದು: ಹಸುವಿನಲ್ಲಿ ರೇಡಿಯಲ್ ನರದ ಮೇಲ್ಪದರದ ಕವಲು ಗೊರಸಿನ ಮುಂಭಾಗದವರೆಗೆ ಹೋಗುತ್ತದೆ. ಕುದುರೆಯಲ್ಲಿ ಅದು ಎಲ್ಲಿ ನಿಲ್ಲುತ್ತದೆ? ಎರಡು: ಹೊರಬದಿಯ ಪಾಮರ್ (ಕಾಲಿನ ಹಿಂಬದಿಯ) ನರ ಮೀಡಿಯನ್‌ನದೋ ಅಲ್ನಾರ್‌ನದೋ? ಮೂರು: ಕುಂಟು ಪತ್ತೆಗೆ ನರಕ್ಕೆ ಬ್ಲಾಕ್ (ಮರಗಟ್ಟಿಸುವ ಚುಚ್ಚುಮದ್ದು) ಕೊಡುವಾಗ ಎಲ್ಲಿ, ಎಷ್ಟು ಎಂ.ಎಲ್., ಎಷ್ಟು ಹೊತ್ತು ಕಾಯಬೇಕು, ತಪ್ಪುವುದು ಎಲ್ಲಿ? ನಾಲ್ಕು: ಮೊಣಕೈ ಕುಸಿದು ನಿಂತ ಕುದುರೆಯನ್ನು ನೋಡಿದ ಕೂಡಲೇ ರೇಡಿಯಲ್ ಪಾರ್ಶ್ವವಾಯು ಅನ್ನಬಹುದೇ?

---

ಉತ್ತರ 1: ಅನಾಟಮಿ_ಟೇಬಲ್

ಮೊದಲ ಎರಡು ಪ್ರಶ್ನೆಗಳನ್ನು ನಾನು ತೆಗೆದುಕೊಳ್ಳುತ್ತೇನೆ. ಬ್ಲಾಕ್ ವಿಷಯ ದಿನವೂ ಕುಂಟು ನೋಡುವವರು ಹೇಳಲಿ.

ನಿಮ್ಮ ಗೊಂದಲಕ್ಕೆಲ್ಲ ಮೂಲ ಒಂದೇ. ಕುದುರೆಯಲ್ಲಿ ಮಂಡಿ, ಅಂದರೆ ಕಾರ್ಪಸ್ ದಾಟಿ ಗೊರಸಿನವರೆಗೆ ಹೋಗುವುದು ಮೀಡಿಯನ್ ಮತ್ತು ಅಲ್ನಾರ್ ಎರಡೇ. ರೇಡಿಯಲ್ ಮಂಡಿಯ ಹತ್ತಿರವೇ ಮುಗಿಯುತ್ತದೆ. ಮಸ್ಕ್ಯುಲೊಕ್ಯುಟೇನಿಯಸ್ ನರದ ಒಂದು ಚರ್ಮದ ಎಳೆ ಮಾತ್ರ ಒಳಬದಿಯಲ್ಲಿ ಕ್ಯಾನನ್ ಮೂಳೆಯ (ಮಂಡಿಯ ಕೆಳಗಿನ ಉದ್ದ ಮೂಳೆ) ಮೇಲೆ ಇಳಿಯುತ್ತದೆ. ಇದು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಮೇಲಿನಿಂದ ಬರೋಣ. ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಮುಂಗಾಲಿನ ನರಗಳು ಹುಟ್ಟುವ ನರಜಾಲ, ಕಟ್ಟುವುದು ಕತ್ತಿನ ಸಿ6, ಸಿ7, ಸಿ8, ಎದೆಯ ಟಿ1, ಟಿ2 ಬೆನ್ನುಹುರಿ ನರಗಳ ಕೆಳಕವಲುಗಳು. ಅವು ಸ್ಕೇಲಿನಸ್ ಸ್ನಾಯುವಿನ ನಡುವೆ ಹೊರಬಂದು ಹೆಗಲೆಲುಬಿನ ಒಳಮೈಯಲ್ಲಿ, ಕಂಕುಳಿನ ಕಡೆ ಹರಡಿಕೊಳ್ಳುತ್ತವೆ.

ಸುಪ್ರಾಸ್ಕ್ಯಾಪುಲರ್ ನರ ಹೆಗಲೆಲುಬಿನ ಕತ್ತನ್ನು ಮುಂದಿನಿಂದ ಸುತ್ತಿ ಹೊರಗೆ ಬರುತ್ತದೆ, ಸುಪ್ರಾಸ್ಪಿನೇಟಸ್ ಮತ್ತು ಇನ್ಫ್ರಾಸ್ಪಿನೇಟಸ್ ಸ್ನಾಯುಗಳಿಗೆ ಹೋಗುತ್ತದೆ. ಚರ್ಮಕ್ಕೆ ಇದರ ಪಾಲು ಏನೂ ಇಲ್ಲ. ಸುತ್ತುವ ಜಾಗದಲ್ಲಿ ನರದ ಕೆಳಗೆ ನೇರ ಮೂಳೆ. ಕುದುರೆ ಗೇಟಿಗೋ ಮರಕ್ಕೋ ಇನ್ನೊಂದು ಕುದುರೆಗೋ ಎದುರಿನಿಂದ ಗುದ್ದಿದರೆ ಜಜ್ಜುವುದು ಅಲ್ಲೇ. ಭಾರ ಎಳೆಯುವ ಕುದುರೆಗಳಲ್ಲಿ ಸರಿಯಾಗಿ ಕೂರದ ಕಾಲರ್ ಕೂಡ ಅದೇ ಜಾಗವನ್ನು ಒತ್ತುತ್ತದೆ. ಕುದುರೆಯ ಹೆಗಲು ಕೀಲಿಗೆ ಬದಿಯ ಗಟ್ಟಿ ಲಿಗಮೆಂಟ್ ಇಲ್ಲ, ಆ ಕೆಲಸ ಇನ್ಫ್ರಾಸ್ಪಿನೇಟಸ್‌ನ ರಜ್ಜುವಿನದು. ಹಾಗಾಗಿ ನರ ಹೋದ ದಿನವೇ, ಸ್ನಾಯು ಇನ್ನೂ ಕರಗದಿದ್ದಾಗಲೇ, ಭಾರ ಬಿಟ್ಟ ಕೂಡಲೇ ಹೆಗಲು ಹೊರಕ್ಕೆ ಜಾರುವುದು ಕಾಣುತ್ತದೆ. ಎರಡು ವಾರದ ಹೊತ್ತಿಗೆ ಸ್ನಾಯು ಕರಗಿ ಹೆಗಲೆಲುಬಿನ ಏಣು ಎದ್ದು ನಿಲ್ಲುತ್ತದೆ. ಸ್ವೀನಿ ಅನ್ನುವುದು ಇದನ್ನೇ. ಕುದುರೆಯ ಎದುರು ನಿಂತು, ಅದು ನಿಮ್ಮ ಕಡೆ ನಡೆದು ಬರುವಾಗ ನೋಡಿ. ಬದಿಯಲ್ಲಿ ನಿಂತವರಿಗೆ ಇದು ತಪ್ಪಿಹೋಗುತ್ತದೆ.

ಆಕ್ಸಿಲರಿ ನರ ಹೆಗಲನ್ನು ಮಡಿಸುವ ಸ್ನಾಯುಗಳಿಗೆ: ಡೆಲ್ಟಾಯ್ಡ್, ಟೆರೆಸ್ ಮೇಜರ್, ಟೆರೆಸ್ ಮೈನರ್. ಸಬ್‌ಸ್ಕ್ಯಾಪುಲರ್, ಥೊರಾಕೊಡಾರ್ಸಲ್, ಲಾಂಗ್ ಥೊರಾಸಿಕ್, ಪೆಕ್ಟೋರಲ್ ಇವನ್ನು ಹೆಸರು ಹೇಳಿ ದಾಟುತ್ತೇನೆ. ಕುಂಟಿನ ಪ್ರಶ್ನೆಯಲ್ಲಿ ಇವು ಬೇರೆಬೇರೆಯಾಗಿ ಬರುವುದು ವಿರಳ.

ಮಸ್ಕ್ಯುಲೊಕ್ಯುಟೇನಿಯಸ್ ನರ ಕಂಕುಳಿನ ರಕ್ತನಾಳದ ಕೆಳಗೆ ಮೀಡಿಯನ್ ಜೊತೆ ಕುಣಿಕೆಯಾಗಿ ಸೇರಿಕೊಳ್ಳುತ್ತದೆ, ಸ್ವಲ್ಪ ದೂರ ಎರಡೂ ಒಂದೇ ಹೊದಿಕೆಯಲ್ಲಿ ಇಳಿದು ಆಮೇಲೆ ಬೇರೆಯಾಗುತ್ತವೆ. ಕೊರಾಕೊಬ್ರೇಕಿಯಾಲಿಸ್, ಬೈಸೆಪ್ಸ್, ಬ್ರೇಕಿಯಾಲಿಸ್ ಇದರ ಪಾಲು. ಉಳಿದ ಎಳೆ ಮುಂದೋಳಿನ ಒಳಬದಿಯ ಚರ್ಮದ ನರವಾಗಿ, ಬೈಸೆಪ್ಸ್‌ನಿಂದ ಬರುವ ಲ್ಯಾಸರ್ಟಸ್ ಪಟ್ಟಿಯ ಮೇಲೆ ಹಾದು ಕೆಳಗೆ ಇಳಿಯುತ್ತದೆ. ಮೈತೆಳುವಾದ ಕುದುರೆಯಲ್ಲಿ ಆ ಪಟ್ಟಿಯ ಮೇಲೆ ಬೆರಳು ಅಡ್ಡಕ್ಕೆ ಆಡಿಸಿದರೆ ನರ ಉರುಳುವುದು ಸಿಗುತ್ತದೆ.

ರೇಡಿಯಲ್, ಪ್ಲೆಕ್ಸಸ್‌ನ ದಪ್ಪ ನರ. ಟ್ರೈಸೆಪ್ಸ್‌ಗೆ ಕವಲು ಕೊಟ್ಟು, ಹ್ಯೂಮರಸ್‌ನ ಸುರುಳಿ ತೋಡಿನಲ್ಲಿ ಹಿಂದಿನಿಂದ ಹೊರಬದಿಗೆ ತಿರುಗಿ, ಮಂಡಿ ಮತ್ತು ಬೆರಳನ್ನು ಚಾಚುವ ಎಲ್ಲ ಸ್ನಾಯುಗಳಿಗೆ ಹೋಗುತ್ತದೆ. ಅಲ್ನಾರಿಸ್ ಲ್ಯಾಟರಾಲಿಸ್ ಕುದುರೆಯಲ್ಲಿ ಮಂಡಿ ಮಡಿಸುವ ಕೆಲಸ ಮಾಡಿದರೂ ಅದಕ್ಕೆ ನರ ರೇಡಿಯಲ್‌ನದೇ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ, ನೆನಪಿರಲಿ. ಚರ್ಮದ ಕವಲು ಮುಂದೋಳಿನ ಹೊರಬದಿಯಲ್ಲಿ ಹರಡಿ ಮಂಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಸು, ನಾಯಿಗಳಲ್ಲಿ ಅದು ಪಾದದ ಮುಂಭಾಗಕ್ಕೆ ಹೋಗುತ್ತದೆ, ಕುದುರೆಯಲ್ಲಿ ಹೋಗುವುದಿಲ್ಲ. ಆದ್ದರಿಂದ ಕುದುರೆಯ ಪಾದದ ಮುಂಭಾಗದಲ್ಲಿ ಚುಚ್ಚಿ ರೇಡಿಯಲ್ ಪರೀಕ್ಷೆ ಮಾಡಿದೆ ಅನ್ನುವುದಕ್ಕೆ ಅರ್ಥವಿಲ್ಲ.

ಮೀಡಿಯನ್ ಮೊಣಕೈಯ ಒಳಬದಿಯ ಲಿಗಮೆಂಟಿನ ಮೇಲೆ ಹಾದು ರೇಡಿಯಸ್‌ನ ಹಿಂದೆ ಇಳಿಯುತ್ತದೆ. ಫ್ಲೆಕ್ಸರ್ ಕಾರ್ಪಿ ರೇಡಿಯಾಲಿಸ್‌ಗೂ ಡೀಪ್ ಫ್ಲೆಕ್ಸರ್‌ನ ಒಂದು ಭಾಗಕ್ಕೂ ಕವಲು ಕೊಡುತ್ತದೆ. ಮುಂದೋಳಿನ ಕೆಳಭಾಗದಲ್ಲಿ ಎರಡಾಗಿ ಸೀಳುತ್ತದೆ: ಒಳಬದಿಯ ಪಾಮರ್, ಹೊರಬದಿಯ ಪಾಮರ್.

ಅಲ್ನಾರ್ ಮೊಣಕೈಯ ಹಿಂದೆ ಇಳಿದು ಫ್ಲೆಕ್ಸರ್ ಕಾರ್ಪಿ ಅಲ್ನಾರಿಸ್, ಸೂಪರ್‌ಫಿಷಿಯಲ್ ಫ್ಲೆಕ್ಸರ್, ಡೀಪ್ ಫ್ಲೆಕ್ಸರ್‌ನ ಉಳಿದ ಭಾಗ ಇವಕ್ಕೆ ಹೋಗಿ, ಅಕ್ಸೆಸರಿ ಕಾರ್ಪಲ್ ಮೂಳೆಯ (ಮಂಡಿಯ ಹಿಂದೆ ಚಾಚಿದ ಮೂಳೆ) ಸ್ವಲ್ಪ ಮೇಲೆ ಎರಡಾಗುತ್ತದೆ. ಡಾರ್ಸಲ್ (ಮುಂಬದಿಯ) ಕವಲು ಹೊರಬಂದು ಕ್ಯಾನನ್‌ನ ಹೊರ-ಮುಂಬದಿಯ ಚರ್ಮಕ್ಕೆ. ಪಾಮರ್ ಕವಲು ಮೀಡಿಯನ್‌ನಿಂದ ಬಂದ ಹೊರಬದಿಯ ಪಾಮರ್ ನರಕ್ಕೆ ಸೇರಿಕೊಳ್ಳುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೊರಬದಿಯ ಪಾಮರ್ ನರದಲ್ಲಿ ಮೀಡಿಯನ್ ಮತ್ತು ಅಲ್ನಾರ್ ಎರಡರ ಎಳೆಗಳೂ ಇವೆ, ಎರಡು ಕಾಲುವೆ ಕೂಡಿ ಹರಿದ ಹಾಗೆ. ಕೂಡಿದ ಮೇಲೆ ಅಕ್ಸೆಸರಿ ಕಾರ್ಪಲ್ ಮೂಳೆಯ ಕೆಳಗೇ ಅದು ಒಂದು ಆಳದ ಕವಲು ಬಿಡುತ್ತದೆ. ಆ ಕವಲಿನಲ್ಲಿ ಹೆಚ್ಚಿನ ಪಾಲು ಅಲ್ನಾರ್ ಎಳೆಗಳದ್ದು. ಅದು ಸಸ್ಪೆನ್ಸರಿ ಲಿಗಮೆಂಟಿನ (ಕ್ಯಾನನ್‌ನ ಹಿಂದೆ ಇಳಿಯುವ ಗಟ್ಟಿ ಪಟ್ಟಿ) ಮೇಲ್ತುದಿಗೆ ನರ ಕೊಟ್ಟು, ಎರಡು ಪಾಮರ್ ಮೆಟಕಾರ್ಪಲ್ ನರಗಳಾಗಿ ಒಡೆದು, ಸ್ಪ್ಲಿಂಟ್ ಮೂಳೆಗಳ (ಕ್ಯಾನನ್‌ನ ಎರಡು ಬದಿಯ ಸಣ್ಣ ಮೂಳೆಗಳು) ಒಳಮಗ್ಗುಲಿನಲ್ಲಿ ಇಳಿದು, ಸ್ಪ್ಲಿಂಟ್ ತುದಿಯ ಗುಂಡಿಯ ಕೆಳಗೆ ಹೊರಬರುತ್ತದೆ.

ಒಳಬದಿಯ ಪಾಮರ್ ನರದಿಂದ ಕ್ಯಾನನ್‌ನ ನಡುಮಧ್ಯದಲ್ಲಿ ಒಂದು ಎಳೆ ಫ್ಲೆಕ್ಸರ್ ರಜ್ಜುಗಳ ಮೇಲೆ ಓರೆಯಾಗಿ ಕೆಳಕ್ಕೆ ಹಾದು ಹೊರಬದಿಯ ಪಾಮರ್‌ಗೆ ಸೇರುತ್ತದೆ. ಬೆರಳಿಗೆ ಚೆನ್ನಾಗಿ ಸಿಗುವ ಎಳೆ ಇದು. ಫೆಟ್‌ಲಾಕ್ (ಕ್ಯಾನನ್‌ನ ಕೆಳತುದಿಯ ಕೀಲು) ಹತ್ತಿರ ಪಾಮರ್ ನರಗಳೇ ಪಾಮರ್ ಡಿಜಿಟಲ್ ನರಗಳಾಗಿ, ಮುಂದಕ್ಕೆ ಡಾರ್ಸಲ್ ಕವಲು ಬಿಟ್ಟು, ಗೊರಸಿನ ಒಳಗೆ ಇಳಿಯುತ್ತವೆ. ಹಿಂಗಾಲಿನಲ್ಲಿ ಇದಕ್ಕೆ ಮೇಲೆ ಡಾರ್ಸಲ್ ಮೆಟಟಾರ್ಸಲ್ ನರಗಳೂ ಇವೆ. ಮುಂಗಾಲಿಗೆ ನಾಲ್ಕು ಕಡೆ ಚುಚ್ಚಿದರೆ ಹಿಂಗಾಲಿಗೆ ಆರು ಕಡೆ ಚುಚ್ಚುವುದು ಅದಕ್ಕೆ.

---

ಉತ್ತರ 2: ಕುಂಟು_ಪತ್ತೆ

ಮೇಲಿನವರು ಹೇಳಿದ ಕೂಡುವಿಕೆ, ಕವಲೊಡೆಯುವಿಕೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಪಕ್ಕದಲ್ಲಿಟ್ಟುಕೊಳ್ಳಿ. ಬ್ಲಾಕ್ ತಪ್ಪು ಅರ್ಥ ಕೊಡುವುದು ಬಹುಪಾಲು ಆ ಕೂಡುವ ಜಾಗಗಳಲ್ಲೇ.

ಮೊದಲು ಮಾಡಬಾರದ್ದು. ಇದ್ದಕ್ಕಿದ್ದಂತೆ ಕಾಲು ಊರಲಾಗದಷ್ಟು ಕುಂಟು ಬಂದ ಕುದುರೆಗೆ, ಮೂಳೆ ಬಿರುಕಿನ ಅನುಮಾನ ಇದ್ದರೆ ಬ್ಲಾಕ್ ಬೇಡ. ಎಕ್ಸ್‌ರೇ ಮೊದಲು. ನೋವು ಹೋದ ಕುದುರೆ ಕಾಲನ್ನು ಜೋರಾಗಿ ಊರುತ್ತದೆ, ಕೂದಲೆಳೆ ಬಿರುಕು ಪೂರ್ತಿ ಮುರಿತ ಆಗುತ್ತದೆ. ಗೊರಸಿನಲ್ಲಿ ಕೀವು ಇದೆಯೇ ಎಂದು ಹೂಫ್ ಟೆಸ್ಟರ್ (ಗೊರಸು ಒತ್ತುವ ಇಕ್ಕಳ) ಹಾಕಿ ನೋಡುವುದು ಕೂಡ ಬ್ಲಾಕ್‌ಗಿಂತ ಮೊದಲಿನ ಕೆಲಸ.

ಔಷಧಿ: ಮೆಪಿವಕೇನ್ 2% ಸಿಕ್ಕರೆ ಅದೇ ಒಳ್ಳೆಯದು, ಅಂಗಾಂಶಕ್ಕೆ ಉರಿ ಕಡಿಮೆ, ಒಂದೂವರೆಯಿಂದ ಎರಡು ಗಂಟೆ ನಿಲ್ಲುತ್ತದೆ. ನಮ್ಮಲ್ಲಿ ಎಲ್ಲೆಡೆ ಸುಲಭಕ್ಕೆ ಸಿಗುವುದು ಲಿಗ್ನೋಕೇನ್ 2%, ಸುಮಾರು ಒಂದು ಗಂಟೆ ನಿಲ್ಲುತ್ತದೆ, ಮರುದಿನ ಸ್ವಲ್ಪ ಊತ ಬರಬಹುದು. ಅಡ್ರಿನಲಿನ್ ಬೆರೆಸಿದ ಸೀಸೆ ತೆಗೆದುಕೊಳ್ಳಬೇಡಿ. ಪಾದದ ತೆಳು ಚರ್ಮದಲ್ಲಿ ರಕ್ತ ಹರಿವು ಕಟ್ಟಿ ಚರ್ಮ ಸಾಯುವ, ಅಲ್ಲಿ ಬಿಳಿ ಕೂದಲು ಬರುವ ಅಪಾಯ ಇದೆ. ಟೆಟನಸ್ ಲಸಿಕೆ ಚಾಲ್ತಿಯಲ್ಲಿದೆಯೇ ಕೇಳಿ, ಕುದುರೆಗೆ ಟೆಟನಸ್ ಬೇಗ ತಗಲುತ್ತದೆ.

ಕ್ರಮ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಮೊದಲೇ ಮೇಲಿನ ಬ್ಲಾಕ್ ಕೊಟ್ಟರೆ ಕೆಳಗಿನದೆಲ್ಲ ಒಟ್ಟಿಗೆ ಮರಗಟ್ಟುತ್ತದೆ, ನೋವು ಎಲ್ಲಿಯದೆಂದು ತಿಳಿಯಲು ಆ ದಿನ ದಾರಿ ಇರುವುದಿಲ್ಲ. ಪ್ರತಿ ಸಲ ಸೂಜಿಯನ್ನು ಸಿರಿಂಜ್ ಇಲ್ಲದೆ ಚುಚ್ಚಿ, ರಕ್ತ ಬರುತ್ತಿಲ್ಲ ಎಂದು ನೋಡಿ, ಆಮೇಲೆ ಸಿರಿಂಜ್ ಜೋಡಿಸಿ. ಕುದುರೆ ಕಾಲು ಕಿತ್ತುಕೊಂಡರೂ ಸೂಜಿ ಮುರಿಯುವ ಅಪಾಯ ಕಡಿಮೆ.

ಪಾಮರ್ ಡಿಜಿಟಲ್. ಕಾಲು ಎತ್ತಿ ಹಿಡಿಸಿ. ಹಿಮ್ಮಡಿಯ ಮೇಲೆ ಕೊಲ್ಯಾಟರಲ್ ಕಾರ್ಟಿಲೇಜ್‌ನ (ಗೊರಸಿನ ಬದಿಯ ಮೃದ್ವಸ್ಥಿ) ಮೇಲಂಚು ಬೆರಳಿಗೆ ಸಿಗುವಲ್ಲಿ, ಡೀಪ್ ಫ್ಲೆಕ್ಸರ್ ರಜ್ಜುವಿನ ಅಂಚಿಗೆ ಒತ್ತಿಕೊಂಡು ನರ ಇರುತ್ತದೆ. 25 ಗೇಜ್, 16 ಮಿ.ಮೀ. ಸೂಜಿ, ತುದಿ ಕೆಳಮುಖ. ಪ್ರತಿ ಬದಿಗೆ 1.5 ಎಂ.ಎಲ್. ಸಾಕು. 5 ನಿಮಿಷಕ್ಕೆ ಹಿಮ್ಮಡಿಯ ಉಬ್ಬಿನ ಮೇಲೆ ಪೆನ್ನಿನ ಮೂತಿ ಒತ್ತಿ ಚರ್ಮ ಮರಗಟ್ಟಿದೆಯೇ ನೋಡಿ, ಕೂಡಲೇ ಟ್ರಾಟ್ (ಲಘು ಓಟ) ಮಾಡಿಸಿ. 10 ನಿಮಿಷ ದಾಟಿದಷ್ಟೂ ಔಷಧಿ ಮೇಲಕ್ಕೆ ಹರಡುತ್ತದೆ, ಆಗ ಬಂದ ಫಲಿತಾಂಶವನ್ನು ಈ ಬ್ಲಾಕ್‌ನದೆಂದು ಬರೆದುಕೊಳ್ಳುವುದು ಸರಿಯಲ್ಲ.

ಅಬಾಕ್ಸಿಯಲ್ ಸೆಸಮಾಯ್ಡ್. ಫೆಟ್‌ಲಾಕ್‌ನ ಹಿಂಬದಿ ಅಂಚಿನಲ್ಲಿ ರಕ್ತನಾಳ, ನರ ಒಟ್ಟಿಗೆ ಉರುಳುವುದು ಬೆರಳಿಗೆ ಸಿಗುತ್ತದೆ. ಮುಂದಿನಿಂದ ಹಿಂದಕ್ಕೆ ವೇನ್, ಆರ್ಟರಿ, ನರ, ಇದೇ ಸಾಲು. ಸೆಸಮಾಯ್ಡ್ ಮೂಳೆಯ (ಫೆಟ್‌ಲಾಕ್ ಹಿಂದಿನ ಸಣ್ಣ ಮೂಳೆ) ಬುಡದ ಮಟ್ಟದಲ್ಲಿ ಪ್ರತಿ ಬದಿಗೆ 2 ಎಂ.ಎಲ್. ನಡುಮಟ್ಟಕ್ಕೆ ಕೊಟ್ಟರೆ ಫೆಟ್‌ಲಾಕ್ ಕೀಲಿನ ನೋವೂ ಸ್ವಲ್ಪ ಅಡಗಿ ದಾರಿ ತಪ್ಪಿಸುತ್ತದೆ.

ಲೋ ಫೋರ್-ಪಾಯಿಂಟ್. ಸ್ಪ್ಲಿಂಟ್ ಗುಂಡಿಯ ಮಟ್ಟದಲ್ಲಿ, ಸಸ್ಪೆನ್ಸರಿಗೂ ಡೀಪ್ ಫ್ಲೆಕ್ಸರ್‌ಗೂ ನಡುವಿನ ತೋಡಿನಲ್ಲಿ ಪಾಮರ್ ನರಕ್ಕೆ ಎರಡೂ ಬದಿ 2ರಿಂದ 3 ಎಂ.ಎಲ್. ಗುಂಡಿಯ ಕೆಳಗೆ, ಮೂಳೆಗೆ ಒತ್ತಿ, ಪಾಮರ್ ಮೆಟಕಾರ್ಪಲ್ ನರಕ್ಕೆ ಎರಡೂ ಬದಿ 1ರಿಂದ 2 ಎಂ.ಎಲ್. ಇಲ್ಲಿ ಎರಡು ತೊಡಕು. ಫೆಟ್‌ಲಾಕ್ ಕೀಲಿನ ಹಿಂಚೀಲ ಕ್ಯಾನನ್‌ಗೂ ಸಸ್ಪೆನ್ಸರಿಗೂ ನಡುವೆ ಅಲ್ಲೇ ಮೇಲೆದ್ದಿರುತ್ತದೆ, ಡಿಜಿಟಲ್ ಶೀತ್ (ಫ್ಲೆಕ್ಸರ್ ರಜ್ಜುಗಳ ಸುತ್ತಲಿನ ಚೀಲ) ಕೂಡ ಹತ್ತಿರವೇ. ಕೀಲಿನಲ್ಲಿ ನೀರು ತುಂಬಿದ್ದರೆ ಸೂಜಿ ಒಳಗೆ ಹೋಗುವುದು ಸುಲಭ. ಹಾಗಾಗಿ ಇಲ್ಲಿ ಬರೀ ಸ್ಪಿರಿಟ್ ಒರೆಸಿದರೆ ಸಾಲದು, ಕೀಲಿಗೆ ಚುಚ್ಚುವಾಗ ಮಾಡುವಷ್ಟೇ ಸ್ಕ್ರಬ್ ಮಾಡಿ. ಎರಡನೆಯದು ಆ ಓರೆ ಎಳೆ: ಎರಡೂ ಪಾಮರ್ ನರಗಳಿಗೆ ಅದು ಸೇರುವ ಜಾಗದ ಕೆಳಗೇ ಕೊಡಿ. ಒಂದು ಬದಿಗೆ ಮೇಲೆ, ಒಂದು ಬದಿಗೆ ಕೆಳಗೆ ಕೊಟ್ಟರೆ ಸಂವೇದನೆ ಆ ಎಳೆಯ ಮೂಲಕ ನುಸುಳಬಹುದು, ಬ್ಲಾಕ್ ಹಿಡಿದೇ ಇಲ್ಲ ಎಂದು ನೀವು ಅಂದುಕೊಳ್ಳುತ್ತೀರಿ.

ನಾಲ್ಕೂ ಸರಿಯಾಗಿ ಬಿದ್ದರೂ ಫೆಟ್‌ಲಾಕ್‌ನ ಮುಂಭಾಗದ ಚರ್ಮ ಸ್ವಲ್ಪ ಚುರುಕಾಗಿ ಉಳಿಯಬಹುದು. ಒಳ-ಮುಂಬದಿಗೆ ಮಸ್ಕ್ಯುಲೊಕ್ಯುಟೇನಿಯಸ್‌ನ ಎಳೆ, ಹೊರ-ಮುಂಬದಿಗೆ ಅಲ್ನಾರ್‌ನ ಡಾರ್ಸಲ್ ಕವಲು ಇರುವುದೇ ಕಾರಣ. ಕುಂಟು ಪತ್ತೆಗೆ ಇದು ಅಡ್ಡಿಯಲ್ಲ. ಆದರೆ ಅಲ್ಲಿ ಗಾಯ ಹೊಲಿಯುವುದಿದ್ದರೆ ಮೇಲೆ ಸುತ್ತ ಚರ್ಮದಡಿ ರಿಂಗ್ ಬ್ಲಾಕ್ ಕೊಡಿ. ಇಲ್ಲದಿದ್ದರೆ ಮೊದಲ ಹೊಲಿಗೆಗೇ ಮುಂಗಾಲು ನಿಮ್ಮ ಮುಖಕ್ಕೆ ಬರುತ್ತದೆ.

ಮಂಡಿಯ ಕೆಳಗೆ, ಸಸ್ಪೆನ್ಸರಿಯ ಮೇಲ್ತುದಿ. ನನ್ನ ಆಯ್ಕೆ ಹೊರಬದಿಯ ಪಾಮರ್ ನರಕ್ಕೆ ಅಕ್ಸೆಸರಿ ಕಾರ್ಪಲ್ ಮೂಳೆಯ ಒಳಮೈಯಲ್ಲಿ ಕೊಡುವುದು. ಅಲ್ಲಿ ಉದ್ದಕ್ಕೆ ಒಂದು ತೋಡು ಬೆರಳಿಗೆ ಸಿಗುತ್ತದೆ. ಅದರ ಕೆಳಗಿನ ಮೂರನೇ ಒಂದು ಭಾಗದಲ್ಲಿ 25 ಗೇಜ್ ಸೂಜಿಯಿಂದ 2 ಎಂ.ಎಲ್. ಆಳದ ಕವಲು ಹುಟ್ಟುವ ಮೊದಲೇ ಹಿಡಿದಂತೆ ಆಗುತ್ತದೆ. ಸ್ಪ್ಲಿಂಟ್ ಮೂಳೆಯ ತಲೆಯ ಕೆಳಗೆ ನೇರವಾಗಿ ಪಾಮರ್ ಮೆಟಕಾರ್ಪಲ್ ನರಗಳಿಗೆ ಕೊಡುವುದು ಹಳೆಯ ರೂಢಿ. ಅಲ್ಲಿ ಕಾರ್ಪೊಮೆಟಕಾರ್ಪಲ್ ಕೀಲಿನ ಹಿಂಚೀಲಗಳು ಕೆಳಕ್ಕೆ ಇಳಿದಿರುತ್ತವೆ, ಆ ಕೀಲು ನಡು ಕಾರ್ಪಲ್ ಕೀಲಿನ ಜೊತೆ ಒಳಗೇ ಸೇರಿಕೊಂಡಿದೆ. ಔಷಧಿ ಚೀಲಕ್ಕೆ ಹೋದರೆ ಮಂಡಿಯ ನೋವು ಹೋಗುತ್ತದೆ, ನೀವು ಸಸ್ಪೆನ್ಸರಿ ಎಂದು ಬರೆದು ಚಿಕಿತ್ಸೆ ಶುರು ಮಾಡುತ್ತೀರಿ. ರೇಸ್ ಕುದುರೆಗಳಲ್ಲಿ ಮಂಡಿಯ ಚಿಪ್ ಮುರಿತ ಸಾಮಾನ್ಯ, ಈ ತಪ್ಪು ದುಬಾರಿ. ಅನುಮಾನ ಇದ್ದರೆ ಬೇರೆ ದಿನ ನಡು ಕಾರ್ಪಲ್ ಕೀಲಿಗೇ ಬ್ಲಾಕ್ ಕೊಟ್ಟು ಹೋಲಿಸಿ, ಜೊತೆಗೆ ಸಸ್ಪೆನ್ಸರಿಯ ಸ್ಕ್ಯಾನ್ ಮಾಡಿ.

ಅಲ್ನಾರ್ ಮತ್ತು ಮೀಡಿಯನ್. ಅಲ್ನಾರ್‌ಗೆ ಅಕ್ಸೆಸರಿ ಕಾರ್ಪಲ್ ಮೂಳೆಯ 10 ಸೆ.ಮೀ. ಮೇಲೆ, ಫ್ಲೆಕ್ಸರ್ ಕಾರ್ಪಿ ಅಲ್ನಾರಿಸ್ ಮತ್ತು ಅಲ್ನಾರಿಸ್ ಲ್ಯಾಟರಾಲಿಸ್ ನಡುವಿನ ತೋಡಿನಲ್ಲಿ, 1ರಿಂದ 1.5 ಸೆ.ಮೀ. ಆಳಕ್ಕೆ, 10 ಎಂ.ಎಲ್. ಅರ್ಧ ಆಳದಲ್ಲಿ, ಅರ್ಧ ಸೂಜಿ ಹಿಂದಕ್ಕೆ ತೆಗೆಯುತ್ತಾ ಕೊಡಿ. ಮೀಡಿಯನ್‌ಗೆ ಮೊಣಕೈಯ 5 ಸೆ.ಮೀ. ಕೆಳಗೆ ಒಳಬದಿಯಲ್ಲಿ, ಎದೆಸ್ನಾಯುವಿನ ಕೆಳ ಅಂಚಿನ ಹತ್ತಿರ, ರೇಡಿಯಸ್‌ನ ಹಿಂಭಾಗಕ್ಕೆ ತಾಗಿಕೊಂಡು 10 ಎಂ.ಎಲ್. ಮೀಡಿಯನ್ ಆರ್ಟರಿ, ವೇನ್ ನರದ ಹಿಂದೆಯೇ ಇರುವುದರಿಂದ ಸೂಜಿ ಮೂಳೆಯ ಅಂಚನ್ನು ಬಿಟ್ಟು ಹಿಂದಕ್ಕೆ ಹೋಗದಿರಲಿ. ದಪ್ಪ ನರಗಳು, 20ರಿಂದ 30 ನಿಮಿಷ ಕಾಯಬೇಕು. ಎರಡೂ ಹಿಡಿದರೆ ಮಂಡಿ ಮತ್ತು ಅದರ ಕೆಳಗಿನ ಬಹುಪಾಲು ಮರಗಟ್ಟುತ್ತದೆ, ಕುದುರೆಗೆ ಕಾಲು ಎಲ್ಲಿ ಬೀಳುತ್ತಿದೆ ಎಂಬ ಅರಿವು ಕಡಿಮೆಯಾಗಿ ಎಡವುತ್ತದೆ. ಸವಾರ ಹತ್ತದೆ, ಕೈಯಲ್ಲಿ ಹಿಡಿದೇ ನಡೆಸಿ, ಓಡಿಸಿ.

---

ಅಂತಿಮವರ್ಷ_ಬಿವಿಎಸ್ಸಿ

ಸರ್, ಪಾಮರ್ ಡಿಜಿಟಲ್ ಬ್ಲಾಕ್‌ಗೆ ಕುಂಟು ಹೋದರೆ ನ್ಯಾವಿಕ್ಯುಲರ್ (ಗೊರಸಿನೊಳಗಿನ ಆ ಹೆಸರಿನ ಸಣ್ಣ ಮೂಳೆಯ ತೊಂದರೆ) ಎಂದು ಬರೆಯಬಹುದೇ? ಈ ಬ್ಲಾಕ್ ಹಿಡಿಯುವುದು ಗೊರಸಿನ ಹಿಂದಿನ ಮೂರನೇ ಒಂದು ಭಾಗವನ್ನು ಮಾತ್ರ ಎಂದು ಒಂದು ನೋಟ್ಸ್‌ನಲ್ಲಿದೆ.

---

ಕುಂಟು_ಪತ್ತೆ

ಬರೆಯಬೇಡಿ. ಹಿಂದಿನ ಮೂರನೇ ಒಂದು ಭಾಗ ಅನ್ನುವುದು ಹಳೆಯ ಮಾತು. ಈ ಬ್ಲಾಕ್ ಅಂಗಾಲು ಪೂರ್ತಿಯನ್ನು, ಗೊರಸಿನೊಳಗಿನ ಕಾಫಿನ್ ಕೀಲಿನ ನೋವಿನ ಬಹುಪಾಲನ್ನು, ನ್ಯಾವಿಕ್ಯುಲರ್ ಮೂಳೆ, ಅದರ ಬರ್ಸಾ, ಡೀಪ್ ಫ್ಲೆಕ್ಸರ್‌ನ ಕೊನೆಯ ತುಂಡು ಎಲ್ಲವನ್ನೂ ಹಿಡಿಯುತ್ತದೆ. ಮೇಲೆ ಮುಂಬದಿಯಲ್ಲಿ ಕೊರೊನೆಟ್ (ಗೊರಸಿನ ಮೇಲಂಚು) ಮತ್ತು ಅದರ ಕೆಳಗಿನ ಲ್ಯಾಮಿನೆಯ (ಗೊರಸಿನ ಒಳಪದರ) ಒಂದಷ್ಟು ಭಾಗ ಮಾತ್ರ ಉಳಿಯುತ್ತದೆ, ಅದು ಡಾರ್ಸಲ್ ಕವಲುಗಳ ಪಾಲು. ಆದ್ದರಿಂದ ವರದಿಯಲ್ಲಿ "ನೋವು ಪಾದದಲ್ಲಿದೆ" ಎಂದಷ್ಟೇ ಬರೆದು ಎಕ್ಸ್‌ರೇಗೆ ಕಳಿಸಿ.

ಇನ್ನೊಂದು ಗಮನಿಸಿ. ಎಡಗಾಲಿಗೆ ಬ್ಲಾಕ್ ಕೊಟ್ಟ ಮೇಲೆ ಕುದುರೆ ಬಲಗಾಲಿನಲ್ಲಿ ಕುಂಟತೊಡಗಿದರೆ ಅದೇ ನಿಮ್ಮ ಉತ್ತರ: ಎರಡೂ ಕಾಲಿನಲ್ಲಿ ನೋವಿದೆ, ಹೆಚ್ಚು ನೋಯುವ ಕಡೆ ಅಡಗಿದ ಮೇಲೆ ಇನ್ನೊಂದು ಬಯಲಾಗಿದೆ. ನ್ಯಾವಿಕ್ಯುಲರ್ ತೊಂದರೆಯಲ್ಲಿ ಹೀಗಾಗುವುದು ಮಾಮೂಲು. ನೇರ ಓಟದಲ್ಲಿ ಮಾತ್ರ ನೋಡಿದರೆ ತಪ್ಪಿಹೋಗಬಹುದು, ಗಟ್ಟಿ ನೆಲದ ಮೇಲೆ ಎರಡೂ ದಿಕ್ಕಿಗೆ ವೃತ್ತದಲ್ಲಿ ಟ್ರಾಟ್ ಮಾಡಿಸಿ.

---

ಉತ್ತರ 3: ಹೊಲ_ಲಾಯ_ವೈದ್ಯೆ

ನಾಲ್ಕನೇ ಪ್ರಶ್ನೆಗೆ ಬರುತ್ತೇನೆ. ಮೊಣಕೈ ಕುಸಿದು, ಮಂಡಿ ಮಡಿಸಿ, ಗೊರಸಿನ ಮುಂಭಾಗ ನೆಲಕ್ಕೆ ತಾಗಿಸಿ ನಿಂತ ಕುದುರೆ ಎಂದರೆ ಮೂರು ಸಾಧ್ಯತೆ ತಲೆಯಲ್ಲಿರಬೇಕು: ರೇಡಿಯಲ್ ನರ, ಒಲೆಕ್ರಾನನ್ (ಮೊಣಕೈಯ ತುದಿಮೂಳೆ) ಮುರಿತ, ಟ್ರೈಸೆಪ್ಸ್ ಸ್ನಾಯುವಿಗೇ ಆದ ಹಾನಿ. ಮೂರರಲ್ಲೂ ಮೊಣಕೈಯನ್ನು ಬಿಗಿಹಿಡಿಯುವ ವ್ಯವಸ್ಥೆ ಹೋಗಿರುವುದರಿಂದ ನಿಲುವು ಒಂದೇ ತರಹ.

ಬೇರೆ ಮಾಡುವುದು ಹೀಗೆ. ಒಲೆಕ್ರಾನನ್ ಮುರಿದಿದ್ದರೆ ಮೊಣಕೈ ಮುಟ್ಟಿದರೆ ನೋವು, ಊತ, ಕೆಲವೊಮ್ಮೆ ಕರಕರ. ಆದರೆ ಮುಂದೋಳಿನ ಚಾಚುವ ಸ್ನಾಯುಗಳು ಸರಿಯಿರುತ್ತವೆ. ಕಾಲನ್ನು ಸ್ವಲ್ಪ ಎತ್ತಿ ಬಿಟ್ಟು, ಕುದುರೆಯನ್ನು ಒಂದು ಹೆಜ್ಜೆಗೆ ಪ್ರೇರೇಪಿಸಿದರೆ ಗೊರಸಿನ ತುದಿಯನ್ನು ಮುಂದಕ್ಕೆ ಚಿಮ್ಮಬಲ್ಲದು. ಮೇಲ್ಮಟ್ಟದ ರೇಡಿಯಲ್ ಹಾನಿಯಲ್ಲಿ ಆ ಚಿಮ್ಮುವಿಕೆ ಇರುವುದಿಲ್ಲ, ಕಾಲು ಎಳೆದುಕೊಂಡು ಬರುತ್ತದೆ, ಮೊಣಕೈಯಲ್ಲಿ ನೋವೂ ಇಲ್ಲದಿರಬಹುದು. ಟ್ರೈಸೆಪ್ಸ್ ಮಯೋಪತಿಯಾದರೆ ಸ್ನಾಯು ಹಲಗೆಯ ಹಾಗೆ ಗಟ್ಟಿ, ನೋವು, ಬೆವರು, ರಕ್ತದಲ್ಲಿ ಸಿಕೆ (ಸ್ನಾಯು ಹಾನಿ ತೋರುವ ಕಿಣ್ವ) ಏರಿರುತ್ತದೆ. ಮಂಡಿಯನ್ನು ಕೈಯಿಂದ ಹಿಂದಕ್ಕೆ ಒತ್ತಿ ನೇರ ಮಾಡಿದಾಗ ಭಾರ ಹೊರುತ್ತದೆಯೇ ಎನ್ನುವ ಪರೀಕ್ಷೆಯಿಂದ ಇವನ್ನು ಬೇರೆ ಮಾಡಲಾಗದು, ಮುರಿತದಲ್ಲೂ ಹೊರಬಹುದು. ಗುದ್ದು ಬಿದ್ದ ಕುದುರೆಯಾದರೆ ಮೊಣಕೈ ಮತ್ತು ಹ್ಯೂಮರಸ್ ಎಕ್ಸ್‌ರೇ ಇಲ್ಲದೆ ರೇಡಿಯಲ್ ಎಂದು ಬರೆಯಬೇಡಿ. ನರ ಹ್ಯೂಮರಸ್‌ನ ತೋಡಿಗೆ ಅಂಟಿಕೊಂಡೇ ಹೋಗುವುದರಿಂದ ಎರಡೂ ಒಟ್ಟಿಗೆ ಆಗಿರಬಹುದು.

ಟ್ರೈಸೆಪ್ಸ್ ಕವಲು ಹೊರಟ ಮೇಲೆ, ಕೆಳಗೆ ಹಾನಿಯಾದರೆ ಮೊಣಕೈ ಕುಸಿಯುವುದಿಲ್ಲ. ಗೊರಸನ್ನು ನೀವೇ ನೆಟ್ಟಗೆ ಇಟ್ಟರೆ ಕುದುರೆ ಭಾರ ಹೊರುತ್ತದೆ, ಆದರೆ ನಡೆಯುವಾಗ ಎಡವುತ್ತದೆ. ಕೆಲವು ದಿನದಲ್ಲಿ ಭುಜದಿಂದ ಕಾಲನ್ನು ಬೀಸಿ ಗೊರಸನ್ನು ಸರಿಯಾಗಿ ಬೀಳಿಸಲು ಕಲಿತುಕೊಳ್ಳುತ್ತದೆ, ಮಾಲೀಕರು ಗುಣವಾಯಿತು ಅಂದುಕೊಳ್ಳುತ್ತಾರೆ. ಉಬ್ಬುತಗ್ಗಿನ ನೆಲದಲ್ಲಿ ನಿಧಾನವಾಗಿ ನಡೆಸಿದರೆ ನಿಜ ತಿಳಿಯುತ್ತದೆ. ಇನ್ನು ಟ್ರೈಸೆಪ್ಸ್ ಜೊತೆ ಹೆಗಲು, ಮಡಿಸುವ ಸ್ನಾಯುಗಳೂ ಸೋತು ಇಡೀ ಕಾಲು ಜೋತುಬಿದ್ದಿದ್ದರೆ ಅದು ಒಂದು ನರದ ಕತೆಯಲ್ಲ, ಪ್ಲೆಕ್ಸಸ್‌ಗೇ ಹಾನಿಯಾಗಿದೆ. ಅದರ ಭವಿಷ್ಯ ಹೆಚ್ಚು ಕೆಟ್ಟದ್ದು.

ಚರ್ಮದ ಸಂವೇದನೆ ನಂಬಿ ಕೂರಬೇಡಿ. ಮುಂದೋಳಿನ ಹೊರಬದಿ ರೇಡಿಯಲ್, ಹಿಂಬದಿ ಅಲ್ನಾರ್, ಒಳಬದಿ ಮಸ್ಕ್ಯುಲೊಕ್ಯುಟೇನಿಯಸ್ ಎಂದು ಗೆರೆ ಹಾಕಿಕೊಳ್ಳಬಹುದು, ಆದರೆ ಅಂಚುಗಳು ಒಂದರ ಮೇಲೊಂದು ಹಾದಿವೆ.

ಅರಿವಳಿಕೆಯಲ್ಲಿ ಪಕ್ಕಕ್ಕೆ ಮಲಗಿಸಿದ ಕುದುರೆಗೆ ಇದು ಬರುವುದನ್ನು ತಡೆಯಬಹುದು. ಕೆಳಗಿನ ಮುಂಗಾಲನ್ನು ಮುಂದಕ್ಕೆ ಎಳೆದಿಡಿ, ಮೇಲಿನ ಕಾಲಿಗೆ ಆಧಾರ ಕೊಟ್ಟು ನೆಲಕ್ಕೆ ಸಮನಾಗಿ ಇರಿಸಿ, ಹೆಗಲಿನಡಿ ದಪ್ಪ ಮೆತ್ತೆ ಅಥವಾ ಗಾಳಿ ತುಂಬಿದ ದೊಡ್ಡ ಟ್ಯೂಬ್ ಹಾಕಿ. ರಕ್ತದೊತ್ತಡ ಕುಸಿಯಲು ಬಿಡಬೇಡಿ, ಶಸ್ತ್ರಚಿಕಿತ್ಸೆ ಎಳೆಯಬೇಡಿ. ಇಂತಹ ಒತ್ತಡದ ಹಾನಿ ಬಹಳಷ್ಟು ಸಲ ಗಂಟೆಗಳಿಂದ ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಆರೈಕೆ: ಮಂಡಿ ನೇರವಾಗಿ ನಿಲ್ಲುವಂತೆ ಸ್ಪ್ಲಿಂಟ್ (ಆಧಾರದ ಪಟ್ಟಿ) ಕಟ್ಟುವುದು ಮೊದಲ ಕೆಲಸ. ಭಾರ ಹೊರಲು ಆಗದೆ ಒದ್ದಾಡುವ ಕುದುರೆ ಗಾಬರಿಯಿಂದಲೇ ಬಿದ್ದು ಇನ್ನಷ್ಟು ಮಾಡಿಕೊಳ್ಳುತ್ತದೆ. ದಪ್ಪ ಪಿವಿಸಿ ಪೈಪನ್ನು ಉದ್ದಕ್ಕೆ ಅರ್ಧ ಸೀಳಿ, ಅಂಚು ಉಜ್ಜಿ ನುಣುಪು ಮಾಡಿ, ಮೊಣಕೈಯ ಕೆಳಗಿನಿಂದ ಫೆಟ್‌ಲಾಕ್‌ವರೆಗೆ ಕಾಲಿನ ಹಿಂಬದಿಗೆ ಬರುವಷ್ಟು ಉದ್ದ ಕತ್ತರಿಸಿ. ಕಾಲಿಗೆ ಮೊದಲು ಹತ್ತಿಯ ದಪ್ಪ ಪದರ, ಅಕ್ಸೆಸರಿ ಕಾರ್ಪಲ್ ಮೂಳೆಯ ಉಬ್ಬಿನ ಮೇಲೆ ನಡುವೆ ತೂತಿರುವ ಮೆತ್ತೆ, ಆಮೇಲೆ ಪೈಪ್, ಅದರ ಮೇಲೆ ಬಿಗಿಯಾದ ಬ್ಯಾಂಡೇಜ್. ದಿನಕ್ಕೊಮ್ಮೆ ಬಿಚ್ಚಿ ಒತ್ತುಗಾಯ ನೋಡಿ, ಕೀಲುಗಳನ್ನು ಕೈಯಿಂದ ಆಡಿಸಿ, ಮತ್ತೆ ಕಟ್ಟಿ. ಗೊರಸಿನ ಮುಂಭಾಗ ಉಜ್ಜಿ ಸವೆಯದಂತೆ ಬೂಟ್ ಹಾಕಿ. ಇನ್ನೊಂದು ಮುಂಗಾಲು ಇಡೀ ಭಾರ ಹೊರುವುದರಿಂದ ಅದರ ಗೊರಸಿನಲ್ಲಿ ಲ್ಯಾಮಿನೈಟಿಸ್ (ಲ್ಯಾಮಿನೆಯ ಉರಿಯೂತ) ಬರುವ ಅಪಾಯ ಇದೆ. ದಿನವೂ ಆ ಗೊರಸಿನ ಬಿಸಿ, ನಾಡಿ ನೋಡುವ ಕೆಲಸವನ್ನು ಸೈಸ್‌ಗೆ (ಕುದುರೆ ನೋಡಿಕೊಳ್ಳುವವರಿಗೆ) ಹೇಳಿಕೊಡಿ, ಅಂಗಾಲಿಗೆ ಆಧಾರ ಕೊಡಿ, ಹಾಸು ಆಳವಾಗಿರಲಿ.

ಊತ ಇಳಿಸಲು ಫ್ಲುನಿಕ್ಸಿನ್ ಕೆ.ಜಿ.ಗೆ 1.1 ಮಿ.ಗ್ರಾಂ. 450 ಕೆ.ಜಿ. ಕುದುರೆಗೆ ಎಂ.ಎಲ್.ಗೆ 50 ಮಿ.ಗ್ರಾಂ. ಇರುವ ಸೀಸೆಯಿಂದ ಸುಮಾರು 10 ಎಂ.ಎಲ್. ರಕ್ತನಾಳಕ್ಕೇ ಕೊಡಿ, ಸ್ನಾಯುವಿಗೆ ಬೇಡ. ಸ್ನಾಯುವಿಗೆ ಕೊಟ್ಟಲ್ಲಿ ಕ್ಲಾಸ್ಟ್ರಿಡಿಯಂ ಸೋಂಕು ಹತ್ತಿ ಕುದುರೆ ಸಾಯುವಷ್ಟು ಕೆಡಬಹುದು. ನೀರು ಕುಡಿಯದ, ನಿರ್ಜಲವಾದ ಕುದುರೆಗೆ ಮೂತ್ರಪಿಂಡದ ಯೋಚನೆ ಮಾಡಿ ಕೊಡಿ.

ಎಷ್ಟು ದಿನ ಕಾಯಬೇಕೆಂದು ಮಾಲೀಕರು ಕೇಳುತ್ತಾರೆ. ಕತ್ತರಿಸಿದ ಅಥವಾ ಒಳಎಳೆ ಸತ್ತ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಹ್ಯೂಮರಸ್‌ನ ತೋಡಿನಿಂದ ಮುಂದೋಳಿನ ಸ್ನಾಯುಗಳವರೆಗೆ 15-20 ಸೆ.ಮೀ. ದಾರಿ ಎಂದುಕೊಂಡರೆ ಐದಾರು ತಿಂಗಳು. ಈ ಲೆಕ್ಕವನ್ನು ಮೊದಲ ದಿನವೇ ಹೇಳಿ. ಮೂರು ವಾರದಲ್ಲಿ ಏನೂ ಆಗಲಿಲ್ಲವೆಂದು ಕೈಬಿಡುವುದೂ ತಪ್ಪು, ಸ್ನಾಯು ಪೂರ್ತಿ ನಾರಾದ ಮೇಲೆ ಕಾಯುತ್ತಾ ಕೂರುವುದೂ ತಪ್ಪು. ಸ್ವೀನಿಗೂ ಇದೇ ಲೆಕ್ಕ, ಅಲ್ಲಿ ದಾರಿ ಚಿಕ್ಕದು. ಎರಡು-ಮೂರು ತಿಂಗಳಾದರೂ ಸುಧಾರಿಸದಿದ್ದರೆ ಹೆಗಲೆಲುಬಿನ ಅಂಚನ್ನು ಸ್ವಲ್ಪ ಕೆತ್ತಿ ನರದ ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆ ಇದೆ. ಹೆಚ್ಚು ಕೆತ್ತಿದರೆ ಕುದುರೆ ಏಳುವಾಗ ಮೂಳೆ ಅಲ್ಲೇ ಮುರಿಯಬಹುದು.

---

ಉತ್ತರ 4: ಬೆರಳ_ತುದಿ

ಒಂದು ಸೇರಿಸುತ್ತೇನೆ. ಪಾಸ್ಟರ್ನ್‌ನಲ್ಲಿ (ಫೆಟ್‌ಲಾಕ್‌ಗೂ ಗೊರಸಿಗೂ ನಡುವಿನ ಭಾಗ) ನರ ಹುಡುಕುವವರಿಗೆ ಮೊದಲು ಸಿಗುವುದು ನರವಲ್ಲ, ಎರ್ಗಟ್‌ನ ಲಿಗಮೆಂಟ್. ಫೆಟ್‌ಲಾಕ್ ಹಿಂದಿನ ಕೊಂಬಿನಂಥ ಗಂಟಿನಿಂದ ಹೊರಟು ಚರ್ಮದ ಅಡಿಯಲ್ಲೇ ಓರೆಯಾಗಿ ಕೆಳ-ಮುಂದಕ್ಕೆ ಇಳಿಯುತ್ತದೆ, ನರದ ಮೇಲೆ ಹಾಯುತ್ತದೆ. ಗುರುತು: ಎರ್ಗಟ್ ಅನ್ನು ಬೆರಳಲ್ಲಿ ಹಿಡಿದು ಎಳೆದರೆ ಲಿಗಮೆಂಟ್ ಬಿಗಿಯಾಗುತ್ತದೆ, ನರ ಬಿಗಿಯಾಗುವುದಿಲ್ಲ. ಲಿಗಮೆಂಟ್ ಚಪ್ಪಟೆ, ನರ ಅದಕ್ಕಿಂತ ಆಳದಲ್ಲಿ, ಆರ್ಟರಿಯ ಹಿಂದೆ ದುಂಡಗೆ. ಆರ್ಟರಿಯ ಮಿಡಿತ ಹಿಡಿದು ಅಲ್ಲಿಂದ ಹಿಂದಕ್ಕೆ ಬನ್ನಿ, ತಪ್ಪುವುದಿಲ್ಲ. ನರ ಕತ್ತರಿಸುವ ಶಸ್ತ್ರಚಿಕಿತ್ಸೆಯಲ್ಲಿ ಈ ಎರಡರ ವ್ಯತ್ಯಾಸ ಇನ್ನೂ ಮುಖ್ಯ. ಆ ಶಸ್ತ್ರಚಿಕಿತ್ಸೆಯನ್ನು ನಾನು ಕೊನೆಯ ಉಪಾಯ ಎಂದೇ ಹೇಳುತ್ತೇನೆ, ಏಕೆಂದರೆ ಕತ್ತರಿಸಿದ ತುದಿಯಲ್ಲಿ ನೋಯುವ ನ್ಯೂರೋಮಾ (ನರದ ಗಂಟು) ಬೆಳೆಯಬಹುದು, ನರ ಮತ್ತೆ ಕೂಡಿಕೊಳ್ಳಬಹುದು, ಅಂಗಾಲಿಗೆ ಮೊಳೆ ಹೊಕ್ಕು ಕೀವಾದರೂ ಕುದುರೆ ಕುಂಟದೆ ಓಡಾಡಬಹುದು. ಡೀಪ್ ಫ್ಲೆಕ್ಸರ್ ಮೊದಲೇ ಸವೆದಿದ್ದರೆ ಅದು ಹರಿದೂ ಹೋಗಬಹುದು.

ಕಲಿಯಲು ಜೀವಂತ ಕುದುರೆ ಬೇಕಿಲ್ಲ. ಬೇರೆ ಕಾರಣಕ್ಕೆ ಸತ್ತ ಕುದುರೆಯ ಕಾಲು ಸಿಕ್ಕರೆ, ಮಂಡಿಯಿಂದ ಕೆಳಗಿನ ತುಂಡು ಸಾಕು. ನೀರಿನಲ್ಲಿ ಕಲಸಿದ ಮೆಥಿಲೀನ್ ಬ್ಲೂ 1.5 ಎಂ.ಎಲ್. ಪಾಮರ್ ಡಿಜಿಟಲ್ ಜಾಗಕ್ಕೆ, 2 ಎಂ.ಎಲ್. ಸ್ಪ್ಲಿಂಟ್ ಗುಂಡಿಯ ಕೆಳಗೆ ಕೊಟ್ಟು, ಕಾಲನ್ನು ಕೆಲವು ಸಲ ಮಡಿಸಿ ಬಿಡಿಸಿ, ಚರ್ಮ ಬಿಚ್ಚಿ ನೋಡಿ. ನೀಲಿ ನರಕ್ಕೆ ತಗಲಿದೆಯೇ, ಎಷ್ಟು ಮೇಲಕ್ಕೆ ಏರಿದೆ, ಫೆಟ್‌ಲಾಕ್ ಕೀಲನ್ನು ತೆರೆದರೆ ಒಳಗೂ ನೀಲಿ ಇದೆಯೇ, ಎಲ್ಲ ಕಣ್ಣಿಗೇ ಕಾಣುತ್ತದೆ. ಫಾರ್ಮಲಿನ್‌ನಲ್ಲಿಟ್ಟ ಕಾಲು ಇದಕ್ಕೆ ಆಗದು, ಅಂಗಾಂಶ ಗಟ್ಟಿಯಾಗಿ ಬಣ್ಣ ಹರಡುವುದಿಲ್ಲ. ತಾಜಾ ಕಾಲು, ಇಲ್ಲವೇ ಫ್ರೀಜರ್‌ನಲ್ಲಿಟ್ಟು ಪೂರ್ತಿ ಕರಗಿಸಿದ ಕಾಲು ಬೇಕು. ಕೈಗೆ ಗ್ಲೌಸ್ ಇರಲಿ. ಕುದುರೆ ಸತ್ತ ಕಾರಣ ಗೊತ್ತಿಲ್ಲದಿದ್ದರೆ, ಗ್ಲಾಂಡರ್ಸ್ ಅಥವಾ ರೇಬಿಸ್ ಅನುಮಾನ ಒಂಚೂರು ಇದ್ದರೂ, ಆ ಕಾಲನ್ನು ಮುಟ್ಟಬೇಡಿ.